ಮಳೆಯ ಊರಿನಲ್ಲಿ ಕಂಪ್ಯೂಟರಿಗೆ ರ‍್ಯಾಮ್

ಕಾವೇರಿ ತುಂಬಿ ಹರಿದರೆ ಕೊಡಗಿನ ನಾಪೋಕ್ಲು–ಮೂರ್ನಾಡು ರಸ್ತೆ ಬೊಳಿಬಾಣೆಯ ಬಳಿ ಮುಳುಗುತ್ತದೆ. ತಪ್ಪು ರ‍್ಯಾಮ್ ತಂದು ಅದನ್ನು ಬದಲಿಸಲು ಮತ್ತೆ ಪೇಟೆಗೆ ಓಡುವುದು ಮಳೆಗಾಲದಲ್ಲಿ ಆಗದ ಮಾತು. ಹಾಗಾಗಿ ಮೊದಲು ಕ್ಯಾಬಿನೆಟ್ ಬಿಚ್ಚಿ, ಹಳೆಯ ರ‍್ಯಾಮಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಅದು ಯಾವ ಪೀಳಿಗೆಯದೆಂದು ಓದಿಕೊಳ್ಳಿ. ಡಿಡಿಆರ್3ಕ್ಕೆ 240 ಪಿನ್. ಡಿಡಿಆರ್4, ಡಿಡಿಆರ್5 ಎರಡಕ್ಕೂ 288. ಪಿನ್ ಲೆಕ್ಕ ಒಂದೇ ಆದರೂ ಕೆಳಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಅದಕ್ಕೂ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ದಿನದ ಕೆಲಸದಲ್ಲಿ ಮೆಮೊರಿ ಅರ್ಧವೂ ಬಳಕೆಯಾಗದಿದ್ದರೆ ರ‍್ಯಾಮ್ ಸೇರಿಸಿ ಪ್ರಯೋಜನವಿಲ್ಲ. ಆ ದುಡ್ಡಿಗೆ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದೇ ಮೇಲು. ರ‍್ಯಾಮ್ ಕಾಫಿ ಒಣಗಿಸುವ ಕಣವಿದ್ದಂತೆ, ಡಿಸ್ಕ್ ಗೋದಾಮು. ಕಣ ಚಿಕ್ಕದಾದಾಗಲೇ ಮೂಟೆಗಳ ಓಡಾಟ ಹೆಚ್ಚುವುದು. ರ‍್ಯಾಮಿನಿಂದ ಮಾಹಿತಿ ಸಿಗಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ಹಾರ್ಡ್‌ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದರೆ ಲಕ್ಷ ಪಟ್ಟು ವ್ಯತ್ಯಾಸ!

ಈ ರ‍್ಯಾಮಿನ ಹಿಂದಿರುವುದು ಐಬಿಎಂನ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ರೂಪಿಸಿದ ವಿನ್ಯಾಸ: ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ‘ನಾಪೋಕ್ಲು’ ಎಂದು ಟೈಪ್ ಮಾಡಿದರೆ ಯೂನಿಕೋಡ್‌ನಲ್ಲಿ ಎಂಟು ಸಂಕೇತಗಳಾಗುತ್ತವೆ. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್. ಒಟ್ಟು 24 ಬೈಟ್, 192 ಬಿಟ್. ಆ 192 ಕೆಪಾಸಿಟರ್‌ಗಳಲ್ಲಿ ವಿದ್ಯುದಂಶ ನಿಲ್ಲುವುದಿಲ್ಲ, ಸದಾ ಸೋರುತ್ತಿರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. 8 ಜಿಬಿ ರ‍್ಯಾಮಿನಲ್ಲಿ ಇಂಥ 6,800 ಕೋಟಿಗೂ ಹೆಚ್ಚು ಕೋಶಗಳಿವೆ! ಕರೆಂಟ್ ಹೋದರೆ ತುಂಬುವ ಕೆಲಸ ನಿಲ್ಲುತ್ತದೆ. ಉಳಿಸದ ಬರಹ ಅಲ್ಲಿಗೆ ಮುಗಿಯಿತು. ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವ ಕೊಡಗಿನಲ್ಲಿ ರ‍್ಯಾಮಿಗಿಂತ ಮೊದಲು ಯುಪಿಎಸ್ ಬೇಕೆಂದು ನಾನು ಹೇಳುವುದು ಇದಕ್ಕೇ.

ರ‍್ಯಾಮ್ ಕೂರಿಸುವವರಿಗೆಲ್ಲ ಸ್ಥಿರವಿದ್ಯುತ್ತಿನ ಭಯ ಹೇಳಿರುತ್ತಾರೆ. ಭಯ ಸುಳ್ಳಲ್ಲ. ನಮ್ಮ ಬೆರಳಿಗೆ ಚುರ್ ಅನ್ನಲು ಸುಮಾರು 3,000 ವೋಲ್ಟ್ ಬೇಕು. ಚಿಪ್ ಹಾಳಾಗಲು ಕೆಲವು ನೂರು ಸಾಕು. ಆದರೆ ಅದು ಹೆಚ್ಚು ಕಾಡುವುದು ಜನವರಿ–ಫೆಬ್ರವರಿಯ ಒಣ ಹವೆಯಲ್ಲಿ. ಆಷಾಢದ ಥಂಡಿಯಲ್ಲಿ ಕಾಟ ಬೇರೆಯೇ: ಪಿನ್‌ಗಳ ಮೇಲೆ ಕೂರುವ ತೇವ, ಧೂಳು. ಪಿನ್‌ಗಳಿಗೆ ಬಳಿದಿರುವ ಚಿನ್ನಕ್ಕೆ ತುಕ್ಕು ಹಿಡಿಯದು, ನಿಜ. ಆದರೆ ಲೇಪ ಬಹಳ ತೆಳು. ಅದರ ಸೂಕ್ಷ್ಮ ರಂಧ್ರಗಳಿಂದ ತೇವ ಒಳಗಿನ ಲೋಹವನ್ನು ಮುಟ್ಟುತ್ತದೆ. ವಾರಗಟ್ಟಲೆ ಮುಚ್ಚಿಟ್ಟ ಕಂಪ್ಯೂಟರ್ ಬೀಪ್ ಬೀಪ್ ಎಂದು, ಪರದೆ ಮೇಲೆ ಏನೂ ತೋರಿಸದಿದ್ದರೆ ರ‍್ಯಾಮ್ ಸತ್ತಿದೆ ಎಂದು ತೀರ್ಮಾನಿಸಬೇಡಿ. ಹೊರತೆಗೆದು, ಪೆನ್ಸಿಲ್ ರಬ್ಬರಿನಿಂದ ಪಿನ್‌ಗಳನ್ನು ಮೆಲ್ಲಗೆ ಉಜ್ಜಿ, ಪುಡಿಯನ್ನು ಸ್ಲಾಟಿಗೆ ಬೀಳದಂತೆ ಕೊಡವಿ ಮತ್ತೆ ಹಾಕಿ ನೋಡಿ. ಜೋರಾಗಿ ಉಜ್ಜಿದರೆ ಚಿನ್ನವೇ ಹೋಗುತ್ತದೆ.

ಕೂರಿಸುವಾಗ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಕ್ಷಣ ಒತ್ತಿಹಿಡಿಯಿರಿ. ಉಳಿದ ವಿದ್ಯುತ್ ಖಾಲಿಯಾಗಲಿ. ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ. ಕಚ್ಚನ್ನು ಸರಿಹೊಂದಿಸಿ, ಎರಡು ತುದಿಗೂ ಹೆಬ್ಬೆರಳಿಟ್ಟು ಒತ್ತಿದರೆ ಟಕ್ ಎಂದು ಕ್ಲಿಪ್ ಬೀಳುತ್ತದೆ. ಎರಡು ರ‍್ಯಾಮ್ ಇದ್ದರೆ ಯಾವ ಸ್ಲಾಟ್‌ಗಳಿಗೆ ಹಾಕಬೇಕೆಂದು ಮದರ್‌ಬೋರ್ಡಿನ ಕೈಪಿಡಿಯಲ್ಲಿ ನೋಡಿ. ಜೋಡಿ ಸರಿಯಾದರೆ ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ಹೋಗುತ್ತದೆ.

8 ಜಿಬಿ ಹಾಕಿದರೂ ವಿಂಡೋಸ್ 4 ಜಿಬಿಗಿಂತ ಕಡಿಮೆ ಬಳಸುತ್ತಿದ್ದರೆ ಅಂಗಡಿಯವರನ್ನು ದೂರುವ ಮೊದಲು ಅದು 32 ಬಿಟ್‌ನದೇ ಎಂದು ನೋಡಿ. ಅದಕ್ಕೆ ಗುರುತಿಸಲಾಗುವುದು 4,29,49,67,296 ಬೈಟ್ ವಿಳಾಸಗಳನ್ನಷ್ಟೆ. 64 ಬಿಟ್‌ನ ವಿಂಡೋಸ್ ಹಾಕಿಸಿದರೆ ಉಳಿದದ್ದೂ ಬಳಕೆಗೆ ಸಿಗುತ್ತದೆ.