ದಾನಪತ್ರದಲ್ಲಿ ಬಿಟ್ಟುಹೋದ ಸಾಲು

ಹೊಲವನ್ನು ಮಗನ ಹೆಸರಿಗೆ ಮಾಡಿಕೊಡುವ ದಿನ ಮನೆಯಲ್ಲಿ ಕೆಟ್ಟ ಮಾತನ್ನು ಯಾರೂ ಆಡುವುದಿಲ್ಲ. ‘ಹೊಟ್ಟ್ಯಾಗ ಹುಟ್ಟಿದ ಮಗ, ಕಾಗದದಾಗ ಏನ್ ಬರಸೋದದ?’ ಎಂದು ತಾಯಿಯೇ ಹೇಳಿಬಿಡುತ್ತಾಳೆ. ಹೆಬ್ಬೆಟ್ಟು ಬೀಳುತ್ತದೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಅಂದು ಬರೆಸದೆ ಬಿಟ್ಟ ಒಂದು ಸಾಲಿನ ಬೆಲೆ ತಿಳಿಯುವುದು ಮುಂದೆ, ಊಟದ ತಟ್ಟೆ ತಲಬಾಗಿಲ ಹೊರಗೆ ಬಂದಾಗ.

ಹೆತ್ತವರನ್ನು ಸಾಕುವುದು ಧರ್ಮದ ಮಾತಾಗಿದ್ದಷ್ಟು ಕಾಲ ಕಾನೂನಿನ ಮಾತಾಗಿರಲಿಲ್ಲ. ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆ ಹೆಂಡತಿ, ಮಕ್ಕಳ ಜೀವನಾಂಶವನ್ನಷ್ಟೇ ನೆನೆದಿತ್ತು. ತಂದೆ ತಾಯಿ ಅದರೊಳಗೆ ಬಂದದ್ದು 1973ರ ಸಂಹಿತೆಯ 125ನೇ ಕಲಮಿನಲ್ಲಿ. ಆದರೆ ಮಗನನ್ನು ಕೋರ್ಟಿಗೆ ಎಳೆಯಲು ಎಷ್ಟು ಮಂದಿ ವೃದ್ಧರಿಗೆ ಮನಸ್ಸಾದೀತು? ಹಾಗಾಗಿ 2007ರ ಹಿರಿಯ ನಾಗರಿಕರ ಕಾಯ್ದೆ ಈ ವ್ಯಾಜ್ಯವನ್ನು ಉಪವಿಭಾಗದ ಮಟ್ಟದ ಕಂದಾಯ ಅಧಿಕಾರಿಯ ಮುಂದೆ ತಂದಿತು.

ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯವರಿಗೆ ಅದೆಂದರೆ ಸೇಡಂನ ಉಪವಿಭಾಗಾಧಿಕಾರಿ ಕಚೇರಿ. ಹೊಲದ ತಕರಾರಿಗೆಂದು ಜನ ಎಡತಾಕುವ ಈ ಕಚೇರಿಯೇ ಇಲ್ಲಿ ನ್ಯಾಯಮಂಡಳಿಯಾಗಿ ಕೂರುತ್ತದೆ. ಮೊದಲು ರಾಜಿಗೆ ಸಂಧಾನಾಧಿಕಾರಿಯ ಬಳಿ ಕಳಿಸಬಹುದು. ನೋಟಿಸು ಮುಟ್ಟಿದ 90 ದಿನಗಳೊಳಗೆ ತೀರ್ಮಾನವಾಗಬೇಕು, ಹೆಚ್ಚೆಂದರೆ ಒಮ್ಮೆ 30 ದಿನ ಮುಂದಕ್ಕೆ ಹೋಗಬಹುದು. ತಿಂಗಳ ಜೀವನಾಂಶಕ್ಕೆ ಕಾಯ್ದೆ ಹಾಕಿದ ಮಿತಿ 10,000 ರೂಪಾಯಿ.

ಕಾಯ್ದೆಯ ನಿಜವಾದ ಜಾಣತನ ಇನ್ನೊಂದು ಕಡೆ ಇದೆ. ವೃದ್ಧರು ತಾವೇ ಬರಲಾಗದಿದ್ದರೆ ಅವರ ಪರವಾಗಿ ಬೇರೊಬ್ಬರು ಅಥವಾ ಸಂಸ್ಥೆ ಅರ್ಜಿ ಕೊಡಬಹುದು. ಅರ್ಜಿಯೇ ಇಲ್ಲದೆ ಮಂಡಳಿ ತಾನಾಗಿ ವಿಚಾರಣೆ ಆರಂಭಿಸಲೂಬಹುದು. ಎಂದರೆ ಗುಡಿಸಲಿನಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಕಂಡ ಆಶಾ ಕಾರ್ಯಕರ್ತೆ, ಪಿಂಚಣಿ ಬೇರೆಯವರ ಕೈ ಸೇರುತ್ತಿರುವುದನ್ನು ಅರಿತ ಅಂಚೆಯವನು, ಗ್ರಾಮ ಆಡಳಿತಾಧಿಕಾರಿ, ಪೊಲೀಸ್ ಠಾಣೆ ಇವರ ಮಾತೂ ಸೇಡಂ ಮುಟ್ಟಿದರೆ ಸಾಕು. ಹೆಂಗಸರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ನೆರವು ಉಚಿತ. ಹೊಡೆತ ಬಡಿತವಿದ್ದರೆ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಬಳಿ ಹೋಗಲು ಸೊಸೆಗಷ್ಟೇ ಅಲ್ಲ, ಅತ್ತೆಗೂ ಹಕ್ಕಿದೆ. ದೂರವಾಣಿಯಲ್ಲಿ ಹೇಳಿಕೊಳ್ಳಲು 14567 ಇದೆ. ಕೊಂಡಿಗಳೆಲ್ಲ ಇವೆ, ಕೊರತೆ ಅವನ್ನು ಜೋಡಿಸುವ ಕೈಯದು.

ಆಸ್ಪತ್ರೆಯೂ ಇಂಥದೊಂದು ಕೊಂಡಿ. ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ 150ಕ್ಕೂ ಹೆಚ್ಚು ವೃದ್ಧರನ್ನು ಮನೆಯವರು ಬಿಟ್ಟುಹೋಗಿರುವುದು 2025ರ ಮಾರ್ಚ್‌ನಲ್ಲಿ ಬೆಳಕಿಗೆ ಬಂತು. ಸೇಡಂ ಕ್ಷೇತ್ರದಿಂದಲೇ ಗೆದ್ದು ವೈದ್ಯಕೀಯ ಶಿಕ್ಷಣ ಸಚಿವರಾದ ಶರಣಪ್ರಕಾಶ ಪಾಟೀಲರು, ಇಂಥ ಪ್ರಕರಣಗಳನ್ನು ಉಪವಿಭಾಗಾಧಿಕಾರಿಗಳ ಗಮನಕ್ಕೆ ತರುವಂತೆ ಆಗ ಸೂಚಿಸಿದರು. ಹೀಗೆ ಬಿಟ್ಟುಹೋಗುವುದು ಕಾಯ್ದೆಯ 24ನೇ ಕಲಮಿನಲ್ಲಿ ಅಪರಾಧ: ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಆದರೆ ಚಿಂಚೋಳಿ ತಾಂಡಾಗಳ ಸಂಗತಿ ಬೇರೆ. ಮಗ ಸೊಸೆ ದುಡಿಮೆ ಹುಡುಕಿ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಮನೆ ಕಾಯಲು ಉಳಿಯುವುದು ಮುದುಕರು. ಶಹಾಬಾದಿನ ಕಲ್ಲುಗಣಿಯಲ್ಲಿ ಆಯುಷ್ಯ ಸವೆಸಿದವನ ಮಗನೂ ದಿನಗೂಲಿಯವನೇ ಆಗಿದ್ದರೆ ಜೀವನಾಂಶದ ಆದೇಶ ಬರೀ ಕಾಗದವಾಗುತ್ತದೆ. ಅಂಥಲ್ಲಿ ಬೇಕಾದದ್ದು ನೋಟಿಸಲ್ಲ, ಪಿಂಚಣಿ ಮತ್ತು ಪಡಿತರ.

ಆಸ್ತಿ ಇದ್ದವರ ಮಾತಿಗೆ ಬಂದರೆ 23ನೇ ಕಲಂ ಮುಖ್ಯ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದು ಕೈಬಿಟ್ಟರೆ ಆ ವರ್ಗಾವಣೆಯನ್ನು ಮಂಡಳಿ ರದ್ದು ಮಾಡಬಹುದು. ಷರತ್ತು ಎಲ್ಲಿದೆ ಎಂಬಲ್ಲೇ ತೊಡಕು. ಸುಮ್ಮನೆ ದಾನ ಕೊಟ್ಟಿದ್ದರೆ ಈ ಕಲಂ ಒದಗದು, ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿ 2ರಂದು ಮಾತ್ರ ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರವನ್ನು ಅದೇ ನ್ಯಾಯಾಲಯ ರದ್ದುಪಡಿಸಿ, ಕಾಯ್ದೆಯನ್ನು ವೃದ್ಧರ ಪರವಾಗಿ ಉದಾರವಾಗಿ ಓದಬೇಕೆಂದಿತು. ಆಕೆಗೆ ಒದಗಿ ಬಂದದ್ದು ಸಾಯುವತನಕ ನೋಡಿಕೊಳ್ಳುವೆನೆಂದು ಮಗ ಬರೆದುಕೊಟ್ಟಿದ್ದ ಬೇರೊಂದು ವಚನಪತ್ರ.