ನಿಮಗಿದು ಗೊತ್ತೆ? ನೀರಿನ ಪೋಲೊದಲ್ಲೂ ನಮಗೆ ಚಿನ್ನ ಬಂದಿತ್ತು!

ಬೆಳಗಾವಿಯ ಅನಗೋಳದಿಂದ ಗೋವಾವೇಸ್ ಈಜುಕೊಳ ದೂರವೇನಲ್ಲ. ಅಲ್ಲಿ ಈಜು ಕಲಿಯುವ ಮಕ್ಕಳಲ್ಲಿ ಎಷ್ಟು ಜನ ವಾಟರ್ ಪೋಲೊ ಹೆಸರು ಕೇಳಿದ್ದಾರೋ! 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಸಿಂಗಪುರವನ್ನು ಹಿಂದಿಕ್ಕಿ ಇದರ ಚಿನ್ನ ಗೆದ್ದದ್ದು ಭಾರತ. ಅದಕ್ಕೂ ಮೊದಲು, ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ ಆಡಿತ್ತು; ಮುಂದೆ 1952ರಲ್ಲಿ ಹೆಲ್ಸಿಂಕಿಯಲ್ಲೂ. ಆಮೇಲೆ ಒಲಿಂಪಿಕ್ಸ್ ವಾಟರ್ ಪೋಲೊಗೆ ನಮ್ಮವರು ಇಳಿದೇ ಇಲ್ಲ. 1982ರ ದೆಹಲಿ ಏಷ್ಯಾಡ್‌ನ ಕಂಚು ಒಂದು ಸಮಾಧಾನ.

ತಂಡಕ್ಕೆ ಏಳು ಮಂದಿ, ಅದರಲ್ಲೊಬ್ಬ ಗೋಲಿ. ಅವನೊಬ್ಬನನ್ನು ಬಿಟ್ಟು ಉಳಿದವರು ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಕಾಲು ತಳಕ್ಕೆ ತಾಗಬಾರದು. ಹಾಗಾಗಿ ಮಜ್ಜಿಗೆ ಕಡೆಯುವ ಕಡೆಗೋಲಿನಂತೆ ಎರಡೂ ಕಾಲನ್ನು ಸುತ್ತಿಸುತ್ತಲೇ ತೇಲಬೇಕು. ಮಲಪ್ರಭೆಯಲ್ಲಿ ಈಜಿ ಬೆಳೆದ ಖಾನಾಪುರದ ಗಟ್ಟಿಗರಿಗೂ ಇದು ಹೊಸ ಪಾಠವೇ! ಆಳವಿಲ್ಲದ ಕೊಳದಲ್ಲಿ ಆಟ ಕುದುರದು.

ಇನ್ನೊಂದು ಮಾತು: ‘ಪೋಲೊ’ ಎಂಬ ಪದ ಇಂಗ್ಲಿಷರದ್ದಲ್ಲ; ಹಿಮಾಲಯದ ಬಾಲ್ಟಿ ಭಾಷೆಯಲ್ಲಿ ‘ಪುಲು’ ಎಂದರೆ ಚೆಂಡು. 1900ರಿಂದಲೇ ಒಲಿಂಪಿಕ್ಸ್‌ನಲ್ಲಿರುವ ವಾಟರ್ ಪೋಲೊಗೆ ಅಲ್ಲಿ ಮಹಿಳೆಯರು ಇಳಿದದ್ದು ಮಾತ್ರ ನೂರು ವರ್ಷದ ನಂತರ, 2000ದ ಸಿಡ್ನಿಯಲ್ಲಿ.