ಬೆಳೆಯುವ ಮೈಗೆ ಹೊಲಿಯುವ ಅಂಗಿ

ಆಗಷ್ಟೇ ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 34–35 ಸೆಂಟಿಮೀಟರ್. ಎದೆಯ ಸುತ್ತಳತೆ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಕಡಿಮೆಯೇ. ಇಡೀ ಮೈಯುದ್ದದಲ್ಲಿ ಕಾಲು ಭಾಗ ತಲೆ. ಕುತ್ತಿಗೆ ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಇಂಥ ಮೈಗೆ ದೊಡ್ಡವರ ಅಂಗಿಯನ್ನೇ ಚಿಕ್ಕದು ಮಾಡಿ ಹೊಲಿದರೆ ಅದು ತಲೆಯಿಂದ ಕೆಳಗಿಳಿಯುವುದೇ ಇಲ್ಲ. ವರ್ಷ ತುಂಬುವ ಹೊತ್ತಿಗೆ ಎದೆ ತಲೆಯನ್ನು ಸರಿಗಟ್ಟುತ್ತದೆ, ಆಮೇಲೆ ಮೀರುತ್ತಾ ಹೋಗುತ್ತದೆ. 50 ಸೆಂ.ಮೀ. ಉದ್ದವಿದ್ದ ಕೂಸು ಆ ಒಂದೇ ವರ್ಷದಲ್ಲಿ 75ರ ಹತ್ತಿರ ಬಂದಿರುತ್ತದೆ. ಟೇಪು ಹಿಡಿದು ಅಳತೆ ಬರೆದುಕೊಂಡ ದಿನಕ್ಕೂ ಅಂಗಿ ತೊಡಿಸುವ ದಿನಕ್ಕೂ ನಡುವೆ ಅಳತೆಯೇ ಬದಲಾಗಿರುತ್ತದೆ.

ಮಕ್ಕಳಿಗಾಗಿ ಮನೆಯಲ್ಲಿ ಬಟ್ಟೆ ಹೊಲಿಯುವ ಕಲೆಯ ತಿರುಳು ಇಲ್ಲಿದೆ. ಹೊಲಿಯುವವರು ಇವತ್ತಿನ ಮಗುವಿನ ಜೊತೆಗೆ ಮುಂದಿನ ವರ್ಷದ ಮಗುವನ್ನೂ ಕಣ್ಣ ಮುಂದೆ ಇಟ್ಟುಕೊಂಡು ಕತ್ತರಿ ಆಡಿಸಬೇಕು. ನಮ್ಮ ಮನೆಗಳ ಅಜ್ಜಿಯರು, ತಾಯಂದಿರು ಈ ಲೆಕ್ಕವನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಎಂಬುದು ಹಳೆಯ ಟ್ರಂಕಿನಿಂದ ತೆಗೆದ ಪುಟ್ಟ ಬಟ್ಟೆಯೊಂದನ್ನು ಒಳಮೈ ಹೊರಗಾಗಿ ತಿರುಗಿಸಿ ನೋಡಿದರೆ ತಿಳಿಯುತ್ತದೆ. ಮೇಲೆ ಕಾಣುವ ಅಂದದಷ್ಟೇ ಜಾಣ್ಮೆ ಒಳಗೆ ಮಡಚಿಟ್ಟ ಬಟ್ಟೆಯಲ್ಲಿರುತ್ತದೆ.

ಮೊದಲ ಹೆರಿಗೆಗೆ ಮಗಳು ತವರಿಗೆ ಬರುವ ಪದ್ಧತಿ ಇರುವ ಕಡೆಯಲ್ಲೆಲ್ಲ ಈ ಹೊಲಿಗೆ ಬಾಣಂತನದ ಸಿದ್ಧತೆಯ ಭಾಗ. ಹುಟ್ಟಿದ ಕೂಡಲೇ ಮಗುವಿಗೆ ಹೊಸ ಬಟ್ಟೆ ತೊಡಿಸುವುದಿಲ್ಲ. ಮನೆಯ ಹಿರಿಯರ ಹಳೆಯ ಹತ್ತಿ ಸೀರೆ, ಪಂಚೆಯನ್ನೇ ತೊಳೆದು, ಹರಿದು, ಸುತ್ತುತ್ತಾರೆ. ಬಾಳಿ ಬದುಕಿದವರ ಬಟ್ಟೆಯಿಂದ ಆಯಸ್ಸು ಬರಲಿ ಎಂಬ ಹಾರೈಕೆ ಅದರ ಹಿಂದಿದೆ. ಮಗುವಿನ ಚರ್ಮದ ದೃಷ್ಟಿಯಿಂದ ನೋಡಿದರೂ ಇದು ಒಳ್ಳೆಯ ಪದ್ಧತಿ. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಬಿಡುವ ಬಣ್ಣ ಇರುತ್ತದೆ. ಹತ್ತಾರು ವರ್ಷ ಒಗೆದು ಒಣಗಿಸಿದ ಹತ್ತಿಯಲ್ಲಿ ಅವೆರಡೂ ಹೋಗಿ ಮೆದುವಷ್ಟೇ ಉಳಿದಿರುತ್ತದೆ. ಈಗ ಹೊಸ ಬಟ್ಟೆಯಲ್ಲೇ ಹೊಲಿಯುವವರು ಮಲ್ ಅಥವಾ ವಾಯಿಲ್ ಕೊಂಡು ತಂದು, ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸುವುದು ಇದೇ ಕಾರಣಕ್ಕೆ. ಹತ್ತಿ ಎಷ್ಟು ಕುಗ್ಗಬೇಕೋ ಅಷ್ಟು ಮೊದಲೇ ಕುಗ್ಗಿಬಿಡಲಿ ಎಂಬುದೂ ಇದೆ.

ಎಲ್ಲಕ್ಕಿಂತ ಮೊದಲು ಹೊಲಿಯುವುದು ಜಬಲಾ. ತೋಳಿಲ್ಲದ, ಬೆನ್ನಿಗೋ ಎದೆಗೋ ತೆರೆದುಕೊಳ್ಳುವ, ದಾರದಿಂದ ಕಟ್ಟುವ ಪುಟ್ಟ ಅಂಗಿ. ಪೂರ್ತಿ ತೆರೆದುಕೊಳ್ಳುವುದರಿಂದ ತಲೆಯ ಮೇಲಿಂದ ತೂರಿಸುವ ತಾಪತ್ರಯವಿಲ್ಲ. ಕತ್ತು ನಿಲ್ಲದ ಮಗುವನ್ನು ಮಲಗಿಸಿಕೊಂಡೇ ತೊಡಿಸಬಹುದು, ಒದ್ದೆಯಾದರೆ ಮಲಗಿದ್ದಂತೆಯೇ ಬಿಚ್ಚಬಹುದು. ತಿಳಿದವರು ಇದರ ಹೊಲಿಗೆಯ ಅಂಚನ್ನು ಒಳಗಡೆ ಬಿಡುವುದಿಲ್ಲ. ಅಂಚನ್ನು ಹೊರಗೇ ಬಿಟ್ಟು ಅದರ ಮೇಲೆ ಪಟ್ಟಿ ಕೂರಿಸುತ್ತಾರೆ, ಇಲ್ಲವೇ ಅಂಚು ಎರಡು ಹೊಲಿಗೆಗಳ ನಡುವೆ ಮುಚ್ಚಿಹೋಗುವ ಫ್ರೆಂಚ್ ಸೀಮ್ ಹಾಕುತ್ತಾರೆ. ಗುಂಡಿ ಬೇಡ, ಹುಕ್ಕು ಬೇಡ, ನೈಲಾನ್ ಲೇಸು ಅಂತೂ ಬೇಡವೇ ಬೇಡ. ದಿನದ ಹೆಚ್ಚು ಹೊತ್ತು ಬೆನ್ನ ಮೇಲೆ ಮಲಗಿರುವ ಕೂಸಿಗೆ ಬೆನ್ನ ಕೆಳಗಿನ ಒಂದು ಗಂಟೂ ಒತ್ತುತ್ತದೆ. ಹಾಗಾಗಿ ಮೊದಲ ತಿಂಗಳುಗಳ ಜಬಲಾ ಎದೆಯ ಮೇಲೆ ಕಟ್ಟುವಂತಿದ್ದರೆ ಚೆನ್ನ ಎಂದೇ ನನ್ನ ಅಭಿಪ್ರಾಯ.

ಉತ್ತರ ಕರ್ನಾಟಕದಲ್ಲಿ ಜಬಲಾದ ಜೊತೆಗೆ ಕುಲಾವಿ, ಕುಂಚಿಗೆ ಇರಲೇಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬ ಮಾತು ಕನ್ನಡ ನಾಡಿನ ತುಂಬ ಓಡಾಡುತ್ತದೆ. ಆದರೆ ಕುಲಾವಿಯನ್ನು ಕೈಯಾರೆ ಹೊಲಿದವರು, ಹೊಲಿಯುವುದನ್ನು ನೋಡಿದವರು ಕಡಿಮೆಯಾಗುತ್ತಿದ್ದಾರೆ. ಕುಲಾವಿ ಎಂದರೆ ತಲೆಗೆ ಬಿಗಿಯಾಗಿ ಕೂತು, ಕಿವಿ ಮುಚ್ಚಿ, ಗಲ್ಲದ ಕೆಳಗೆ ಕಟ್ಟುವ ಟೊಪ್ಪಿಗೆ. ಕುಂಚಿಗೆಯಲ್ಲಿ ತಲೆ ಮುಚ್ಚುವ ಭಾಗದಿಂದಲೇ ಬಟ್ಟೆ ಬೆನ್ನ ಮೇಲೆ ಇಳಿಬಿದ್ದಿರುತ್ತದೆ. ಉದ್ದನೆಯ ಚೌಕದ ಬಟ್ಟೆಯನ್ನು ನಡುವಿಗೆ ಮಡಚಿ ಒಂದು ಅಂಚನ್ನು ಹೊಲಿದರೆ ತಲೆಯ ಗೂಡು ಆಯಿತು. ಉಳಿದದ್ದು ಹೆಗಲು, ಬೆನ್ನನ್ನು ಮುಚ್ಚುತ್ತದೆ. ಎತ್ತಿಕೊಂಡವರು ಅದನ್ನು ಎಳೆದು ಕಾಲಿನವರೆಗೂ ಸುತ್ತಿಕೊಳ್ಳಬಹುದು. ಎಳೆಗೂಸಿನ ಮೈಯಲ್ಲಿ ತಲೆಯ ಪಾಲು ಅಷ್ಟು ದೊಡ್ಡದಾದ್ದರಿಂದ ಶಾಖ ಸೋರಿಹೋಗುವುದೂ ಅಲ್ಲಿಂದಲೇ ಹೆಚ್ಚು. ಈಗಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿನ ಮೈ ಒರೆಸಿ ಮೊದಲು ಟೊಪ್ಪಿಗೆ ಹಾಕುವುದು ಅದಕ್ಕಾಗಿ. ಅಜ್ಜಿಯರ ಕುಲಾವಿ ಆ ಕೆಲಸವನ್ನು ಎಂದಿನಿಂದಲೋ ಮಾಡಿಕೊಂಡು ಬಂದಿದೆ.

ನಾಮಕರಣದ ದಿನದ ಕುಂಚಿಗೆಗೆ ಖಣವೇ ಆಗಬೇಕು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಮಗ್ಗಗಳಲ್ಲಿ ನೇಯ್ದ, ಹಾಸಿನ ಹೆಚ್ಚುವರಿ ಎಳೆಗಳಿಂದಲೇ ಚಿತ್ತಾರ ಎದ್ದ, ಅಗಲ ಕಿರಿದಾದ ಈ ಬಟ್ಟೆ ರವಿಕೆಗೆಂದು ಹುಟ್ಟಿದ್ದು. ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಬಂದ ಖಣಗಳು ಟ್ರಂಕಿನಲ್ಲಿ ಕೂಡಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಕೂಸಿನ ಕುಂಚಿಗೆಯಾಗುತ್ತದೆ. ಅಂಚಿಗೆ ಜರಿಪಟ್ಟಿ, ನೆತ್ತಿಗೊಂದು ಗೊಂಡೆ, ಮಣಿ. ಒಳಗೆ ಮಾತ್ರ ತಪ್ಪದೆ ಮೆತ್ತನೆಯ ಹತ್ತಿಯ ಅಸ್ತರು, ಏಕೆಂದರೆ ಖಣದ ಹಿಮ್ಮೈಯಲ್ಲಿ ತೇಲುವ ಎಳೆಗಳು ಮಗುವಿನ ಬೆರಳಿಗೆ ಸಿಕ್ಕಿಕೊಳ್ಳುತ್ತವೆ.

ಕೆಲವು ಮನೆಗಳಲ್ಲಿ ಕುಲಾವಿ, ಕುಂಚಿಗೆಗಳ ಮೇಲೆ ಕಸೂತಿಯೂ ಇತ್ತು. ಕಸೂತಿ ಎಂದಾಗ ಇಳಕಲ್ ಸೀರೆಯ ಸೆರಗು, ಗೋಪುರ, ತೇರು, ಆನೆಗಳು ನೆನಪಾಗುತ್ತವೆ. ಆದರೆ ಮಗುವಿನ ಟೊಪ್ಪಿಗೆಗೆ ಅದಕ್ಕಿಂತ ಒಪ್ಪುವ ಸೂಜಿಕೆಲಸ ಇನ್ನೊಂದಿಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರ್ಗಿ ಬಟ್ಟೆಯ ಎರಡೂ ಮೈಯಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಎಳೆ ಎಣಿಸಿ ಸೂಜಿ ಇಳಿಸುತ್ತಾ ಹೋಗಿ, ಬಂದ ದಾರಿಯಲ್ಲೇ ಮರಳಿ ಖಾಲಿ ಬಿಟ್ಟ ಜಾಗ ತುಂಬುವುದು ಅದರ ಕ್ರಮ. ದಾರಕ್ಕೆ ಗಂಟು ಹಾಕುವುದಿಲ್ಲ. ಗಂಟಿಲ್ಲದ ಹೊಲಿಗೆ ಎಳೆಯ ನೆತ್ತಿಗೆ ಚುಚ್ಚುವುದೂ ಇಲ್ಲ. ಈಗ ಹೊಲಿಯುವವರಿಗೆ ಒಂದೇ ಎಚ್ಚರಿಕೆ: ಕುಲಾವಿಯ ದಾರ ಗಿಡ್ಡವಿರಲಿ, ಮಗು ಮಲಗಿದಾಗ ಅದನ್ನು ಬಿಚ್ಚಿ ತೆಗೆದಿಡಿ.

ತೊಟ್ಟಿಲಿಗೆ ಹಾಸುವ ಪುಟ್ಟ ಕೌದಿಯೂ ಈ ಹೊಲಿಗೆಯ ಬಳಗದ್ದೇ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಇಂದು ಹೊರನಾಡಿನ ಸಂಗ್ರಹಾಲಯಗಳವರೆಗೆ ಹೋಗಿವೆ. ಅವರು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮಾಡಿದ ಹೂವು ಕೂರಿಸದೆ ಕೌದಿ ಮುಗಿಯಿತು ಎನ್ನುವುದಿಲ್ಲ. ಅದರ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಇಷ್ಟು ಸಾಕು.

ಮಗು ಕೂತು, ನಿಂತು, ನಡೆದ ಮೇಲೆ ಜಬಲಾ ಹೋಗಿ ಫ್ರಾಕು, ಚಡ್ಡಿ ಬರುತ್ತವೆ. ಊರೂರಿನ ಹೊಲಿಗೆ ತರಗತಿಗಳಲ್ಲಿ ಪೇಪರ್ ಕಟಿಂಗ್ ಮುಗಿದ ಕೂಡಲೇ ಕಲಿಸುವುದು ಇವನ್ನೇ. ಬಟ್ಟೆಯನ್ನು ನಾಲ್ಕು ಪದರವಾಗಿ ಮಡಚಿ, ಎದೆಯ ಅಳತೆಯ ಕಾಲು ಭಾಗಕ್ಕೆ ಮುಕ್ಕಾಲು ಇಂಚಿನಿಂದ ಒಂದು ಇಂಚು ಸಡಿಲ ಸೇರಿಸಿ, ಅದರ ಮೇಲೆ ಹೊಲಿಗೆಯ ಮಾರ್ಜಿನ್ ಬಿಟ್ಟು ಕತ್ತರಿಸುತ್ತಾರೆ. ಹೊಸಬರು ಎಡವುವುದು ಕುತ್ತಿಗೆಯಲ್ಲಿ. ವರ್ಷದ ಮಗುವಿನ ತಲೆ 45–46 ಸೆಂ.ಮೀ. ಸುತ್ತಳತೆಯದು. ಅದು ದಾಟುವಷ್ಟು ಕುತ್ತಿಗೆ ಅಗಲಿಸಿದರೆ ಅಂಗಿ ಹೆಗಲಿಂದ ಜಾರುತ್ತದೆ. ಆದ್ದರಿಂದ ಕುತ್ತಿಗೆಯನ್ನು ಚಿಕ್ಕದಾಗಿಯೇ ಇಟ್ಟು, ಬೆನ್ನಿನಲ್ಲಿ ಸೀಳು ಕೊಟ್ಟು, ಪಟ್ಟಿ ಕೂರಿಸಿ ಗುಂಡಿ ಕಾಜಾ ಮಾಡುವುದು. ಅಂಚಿಗೆ ಪೈಪಿಂಗ್ ಮಾಡುವ ಪಟ್ಟಿಯನ್ನು ಬಟ್ಟೆಯ ಓರೆಗೇ ಕತ್ತರಿಸಬೇಕು. ನೇರ ಕತ್ತರಿಸಿದ ಪಟ್ಟಿ ಗುಂಡನೆಯ ಕುತ್ತಿಗೆಗೆ ಬಳುಕದೆ ಸುಕ್ಕಾಗುತ್ತದೆ.

ಈ ವಿದ್ಯೆಯ ನಿಜವಾದ ಶ್ರೀಮಂತಿಕೆ ಕಾಣುವುದು ಹೆಣ್ಣುಮಕ್ಕಳ ರೇಷ್ಮೆ ಲಂಗದಲ್ಲಿ. ಹಳೆ ಮೈಸೂರಿನವರ ಲಂಗ ರವಿಕೆ, ಧಾರವಾಡ ಬೆಳಗಾವಿಯವರ ಪರಕಾರ ಪೋಲಕಾ. ಬಹಳಷ್ಟು ಸಲ ಅದು ಅಮ್ಮನ ಹಳೆಯ ಸೀರೆಯಿಂದ ಆದದ್ದು. ಹಾಗೆ ಮಾಡುವ ಮುನ್ನ ಸೀರೆಯನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಗಟ್ಟಿ ಇರುವ ಭಾಗವನ್ನು ಅಂಚು ಕೆಳಗೆ ಬರುವಂತೆ ಅಡ್ಡಡ್ಡ ತೆಗೆದುಕೊಂಡು, ಸೊಂಟಕ್ಕೆ ನೆರಿಗೆ ಹಿಡಿದು ಪಟ್ಟಿಗೆ ಕೂರಿಸುತ್ತಾರೆ. ಉದ್ದವನ್ನು ಮಾತ್ರ ಕತ್ತರಿಸುವುದಿಲ್ಲ. ಅಂಚಿನ ಮೇಲ್ಗಡೆ ಒಂದರ ಮೇಲೊಂದು ಎರಡು ಮೂರು ಟಕ್ ಹಿಡಿದು ಹೊಲಿಯುತ್ತಾರೆ.

ಒಂದು ಇಂಚಿನ ಟಕ್ ಎರಡು ಇಂಚು ಬಟ್ಟೆಯನ್ನು ನುಂಗುತ್ತದೆ. ಮೂರು ನಾಲ್ಕು ವರ್ಷ ದಾಟಿದ ಮಗು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಬೆಳೆಯುತ್ತದೆ, ಅಂದರೆ ಎರಡು ಇಂಚಿಗಿಂತ ಚೂರು ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಿನ ಪಾಲು. ಹೀಗಾಗಿ ಒಂದು ಟಕ್ ಬಿಚ್ಚಿದರೆ ಲಂಗ ವರ್ಷದ ಮೇಲೂ ಬರುತ್ತದೆ. ಮೂರು ಟಕ್ ಇದ್ದ ಲಂಗ ಬಾಲವಾಡಿಯಿಂದ ಮೂರನೆಯ ನಾಲ್ಕನೆಯ ಇಯತ್ತೆಯವರೆಗೆ ಹಬ್ಬಹಬ್ಬಕ್ಕೂ ಹೊರಗೆ ಬಂದೀತು. ರವಿಕೆಗೂ ಹಾಗೆಯೇ ಕಂಕುಳ ಕೆಳಗೆ ಎರಡೂ ಮಗ್ಗುಲಲ್ಲಿ ಇಂಚು ಬಟ್ಟೆ ಒಳಗೆ ಬಿಟ್ಟು, ಪಕ್ಕಪಕ್ಕದಲ್ಲಿ ಎರಡು ಸಾಲು ಹೊಲಿಗೆ. ಹಿಡಿದಾಗ ಒಳಸಾಲು ಬಿಚ್ಚಿದರೆ ಆಯಿತು. ಟಕ್ ಬಿಚ್ಚಿದ ಕಡೆ ಬಿಸಿಲು ಕಾಣದ ರೇಷ್ಮೆ ಕಡುಬಣ್ಣದ ಗೆರೆಯಾಗಿ ಎದ್ದು ಕಾಣುತ್ತದೆ. ಅದನ್ನು ಮುಚ್ಚಲು ಮೇಲೊಂದು ಜರಿಪಟ್ಟಿ ಹೊಲಿಯುವವರಿದ್ದರು. ಹಳೆಯ ಲಂಗಗಳಲ್ಲಿ ಅಂಚಿನ ಮೇಲೆ ಹೊಂದಿಕೆಯಾಗದ ಜರಿಯ ಸಾಲುಗಳು ಕಂಡರೆ, ಆ ಹುಡುಗಿ ಎಷ್ಟು ಸಲ ಲಂಗಕ್ಕಿಂತ ಎತ್ತರವಾದಳು ಎಂದು ಎಣಿಸಿ ಹೇಳಬಹುದು.

ಹೊಲಿಗೆ ಯಂತ್ರ ಮನೆಗೆ ಬಂದ ಮೇಲೆ ಕೈಹೊಲಿಗೆಯ ಭಾರ ಇಳಿಯಿತು. ಯಂತ್ರಗಳ ಬಗ್ಗೆ ಅಷ್ಟೊಂದು ಅನುಮಾನವಿದ್ದ ಗಾಂಧೀಜಿ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ರಿಯಾಯಿತಿ ಕೊಟ್ಟಿದ್ದರು. ಹೆಂಡತಿ ಕೈಹೊಲಿಗೆಯಲ್ಲಿ ಸವೆಯುವುದನ್ನು ನೋಡಲಾಗದೆ ಸಿಂಗರ್ ಅದನ್ನು ಮಾಡಿದ ಎಂಬುದು ಅವರ ನಂಬಿಕೆ. 1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್ ವ್ಯವಹಾರದ ಮನುಷ್ಯ. ಆದರೂ ಆ ಯಂತ್ರ ಯಾರ ಕೈಗೆ ಬಿಡುವು ಕೊಟ್ಟಿತು ಎಂಬುದನ್ನು ಗಾಂಧೀಜಿ ಸರಿಯಾಗಿಯೇ ಕಂಡಿದ್ದರು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ಯಂತ್ರ ತಯಾರಾಗತೊಡಗಿತು. ಮುಂದೆ ನಮ್ಮ ಎಷ್ಟೋ ಮಧ್ಯಮ ವರ್ಗದ ಮನೆಗಳ ಕಿಟಕಿಯ ಪಕ್ಕ ಅದು ಬಂದು ಕೂತಿತು. ಯುಗಾದಿಗೆ, ದೀಪಾವಳಿಗೆ ಒಂದೇ ತಾನಿನ ಬಟ್ಟೆ ಹರಿಸಿ ತಂದು ಹುಡುಗರಿಗೆ ಅಂಗಿ, ಹುಡುಗಿಯರಿಗೆ ಫ್ರಾಕು, ಉಳಿದ ಚೂರಿನಲ್ಲಿ ಚಿಕ್ಕದಕ್ಕೊಂದು ಚಡ್ಡಿ ಹೊಲಿದು, ಮನೆಯ ಮಕ್ಕಳೆಲ್ಲ ಒಂದೇ ಹೂವಿನ ಚಿತ್ತಾರದಲ್ಲಿ ಊರೆಲ್ಲ ಸುತ್ತಿದ್ದು ಐವತ್ತು ದಾಟಿದ ಯಾರನ್ನು ಕೇಳಿದರೂ ನೆನಪಿದೆ.

ಇಂದು ದುಡ್ಡಿನ ಲೆಕ್ಕಕ್ಕೆ ಮನೆಯಲ್ಲಿ ಹೊಲಿಯಬೇಕಾಗಿಲ್ಲ. ಸಿದ್ಧ ಉಡುಪು ಅಗ್ಗ. ಅದನ್ನು ಹೊಲಿಯುವವರೂ ತಾಯಂದಿರೇ ಎಂಬುದನ್ನು ನಾವು ಮರೆಯಬಾರದು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಚ್ಚಿನವರು ಹೆಂಗಸರು. ದೂರದೇಶದ ಮಕ್ಕಳ ಅಂಗಿಗೆ ಒಬ್ಬಾಕೆ ದಿನವಿಡೀ ಕಾಲರ್ ಕೂರಿಸಿದರೆ ಇನ್ನೊಬ್ಬಾಕೆ ದಿನವಿಡೀ ತೋಳು. ಇಡೀ ಅಂಗಿ ಒಬ್ಬರ ಕೈಯಲ್ಲಿ ಮುಗಿಯುವುದಿಲ್ಲ. ಅಂಥ ಪಳಗಿದ ಕೈಗಳು ರಜೆಯ ದಿನ ಕಟ್‌ಪೀಸ್ ಅಂಗಡಿಯಿಂದ ತಂದ ಬಟ್ಟೆಯಲ್ಲಿ ತಮ್ಮ ಮಗುವಿಗೆ ಕುತ್ತಿಗೆಯಿಂದ ಅಂಚಿನವರೆಗೆ ತಾವೇ ಒಂದು ಫ್ರಾಕು ಹೊಲಿದಾಗ ಅದರಲ್ಲಿರುವ ಅಚ್ಚುಕಟ್ಟು ನೋಡಬೇಕು. ಯಾವ ಬೊಟಿಕ್ಕಿನಲ್ಲೂ ಅದಕ್ಕಿಂತ ನೆಟ್ಟಗಿನ ಹೊಲಿಗೆಯನ್ನು ನಾನು ಕಂಡಿಲ್ಲ.

ಹಾಗಾದರೆ ಈಗ ಹೊಲಿಯಲು ಕಾರಣವೇನು? ನನ್ನ ಮಟ್ಟಿಗೆ ಮಗುವೇ ಕಾರಣ. ಎರಡು ಮೂರು ವರ್ಷ ಆಗುತ್ತಿದ್ದಂತೆ ಅದು ಬಟ್ಟೆಯ ವಿಷಯದಲ್ಲಿ ತನ್ನ ಮಾತು ಹೇಳತೊಡಗುತ್ತದೆ. ತಿರುಗಿದರೆ ಕೊಡೆಯ ಹಾಗೆ ಅರಳಬೇಕು ಎನ್ನುತ್ತದೆ, ಅದಕ್ಕೆ ಅಂಬ್ರೆಲಾ ಕಟ್ ಇದೆ. ಹಿಂದಿನ ಲೇಬಲ್ಲು ಚುಚ್ಚುತ್ತದೆ ಎಂದು ಅಳುತ್ತದೆ, ಮನೆಯ ಅಂಗಿಗೆ ಲೇಬಲ್ಲೇ ಇಲ್ಲ. ಹುಡುಗಿಯರು ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದು ಜೇಬು. ಅಂಗಡಿಯ ಫ್ರಾಕುಗಳಲ್ಲಿ ಅದು ಅಪರೂಪ, ಇದ್ದರೂ ಎಷ್ಟೋ ಸಲ ಬರೀ ತೋರಿಕೆಯ ಪಟ್ಟಿ. ಹುಡುಗನಿಗೆ ಗೋಲಿ ಇಡಲು ಜಾಗವಿರುವಾಗ ಹುಡುಗಿಗೆ ಕವಡೆ, ಹುಣಸೆಬೀಜ ಇಡಲು ಯಾಕಿಲ್ಲ? ಕೈ ಮಣಿಕಟ್ಟಿನವರೆಗೆ ಇಳಿಯುವಷ್ಟು ಆಳದ ಎರಡು ತುಂಡು ಬಟ್ಟೆ ಕತ್ತರಿಸಿ. ಒಂದನ್ನು ಫ್ರಾಕಿನ ಮುಂಭಾಗದ ಮಗ್ಗುಲಿಗೆ, ಇನ್ನೊಂದನ್ನು ಹಿಂಭಾಗದ ಮಗ್ಗುಲಿಗೆ, ಸೊಂಟದಿಂದ ಒಂದೆರಡು ಇಂಚು ಕೆಳಗೆ ಸೇರಿಸಿ. ಮಗ್ಗುಲು ಹೊಲಿಯುವಾಗ ಜೇಬಿನ ಬಾಯಿ ಬಿಟ್ಟು ಅದರ ಸುತ್ತ ಹೊಲಿಗೆ ತಿರುಗಿಸಿ, ಬಾಯಿಯ ಎರಡು ತುದಿಗೂ ಮೇಲೆ ಕೆಳಗೆ ಹಿಂದೆ ಮುಂದೆ ಎರಡು ಸಲ ಯಂತ್ರ ಓಡಿಸಿ. ಮೊದಲು ಹರಿಯುವುದು ಆ ತುದಿಗಳೇ, ಅಷ್ಟು ಸಾಮಾನು ಅದರೊಳಗೆ ಬೀಳುತ್ತದೆ.